ಲಾಟ್ ಇನ್ನೂರ ಹದಿನೇಳು

ಫೋರ್ಟಿನ ಮೂರನೇ ಮಹಡಿ. ಲಿಫ್ಟು ಕೆಟ್ಟು ಹನ್ನೊಂದು ದಿನ.
ಫ್ರೆನಿಬಾಯಿ ಕಾಂಗಾ ಮೆಟ್ಟಿಲಿಗೊಮ್ಮೆ ನಿಂತು ನಿಂತು ಬಂದು
ಮೇಜಿನ ಮೇಲೆ ಎರಡಿಟ್ಟರು:
ಒಂದು ಕರ್ಚೀಫಿನ ಗಂಟಿನಲ್ಲಿ,
ಒಂದು ಮಖಮಲ್ಲಿನ ಡಬ್ಬಿಯಲ್ಲಿ.
"ಅಕ್ಕತಂಗಿಯರು," ಅಂದರು. "ಒಟ್ಟಿಗೇ ಮಾರು."

ತೂಗುವುದು, ಫೋಟೋ ಹಿಡಿಯುವುದು,
ಹರಾಜಿನ ಪಟ್ಟಿಗೆ ನಾಲ್ಕು ಸಾಲು ಬರೆಯುವುದು ನನ್ನ ಕೆಲಸ.
ಬಿಳಿ ನೂಲಿನ ಕೈಗವಸು ಹಾಕಿಕೊಂಡೆ.

ಎರಡರಲ್ಲೂ ಅದೇ ಹೆಂಗಸು.
ತಲೆಗೆ ಲೋಹದ ಟೊಪ್ಪಿಗೆ, ಇಳಿಬಿದ್ದ ಸೆರಗು,
ಒಂದು ಕೈಗೆ ತ್ರಿಶೂಲ, ಇನ್ನೊಂದಕ್ಕೆ ಗುರಾಣಿ,
ಬೆನ್ನ ಹಿಂದೆ ಅಲೆ, ದೂರದಲ್ಲಿ ಪುಟ್ಟ ಹಡಗು.
ಬ್ರಿಟಾನಿಯಾ ಅನ್ನುತ್ತೆ ಪುಸ್ತಕ.
ನಮ್ಮವ್ವ ನೋಡಿದ್ದರೆ ಗಲ್ಲ ಗಲ್ಲ ಬಡಕೊಂಡು
"ಹುಲಿ ಎಲ್ಲಿ ಬಿಟ್ಟಿ ತಾಯಿ?" ಅಂತಿದ್ದಳು.

ಹಳೆಯದು ಹುಟ್ಟಿದ್ದು ಇಲ್ಲೇ,
ಈ ಕಿಟಕಿಯಿಂದ ಕೂಗಿದರೆ ಕೇಳಿಸುವ ಟಂಕಸಾಲೆಯಲ್ಲಿ.
ಇಲ್ಲಿ ಖರ್ಚಾಗಲಿಕ್ಕಲ್ಲ;
ಬಿಸಿ ಆರುವ ಮೊದಲೇ ಪೆಟ್ಟಿಗೆ ಸೇರಿ, ಹಡಗು ಹತ್ತಿ
ಹಾಂಗ್‌ಕಾಂಗಿಗೆ, ಸಿಂಗಪುರಕ್ಕೆ.
ತ್ರಿಶೂಲದ ನಡುಮೊನೆಯಲ್ಲಿ ಸಾಸಿವೆಗಿಂತ ಸಣ್ಣ 'ಬಿ':
ಬೊಂಬಾಯಿ.
ತವರಿನ ಹಚ್ಚೆ, ಭೂತಗನ್ನಡಿಗಷ್ಟೇ ಕಾಣುವಂಥದ್ದು.

ಅಲ್ಲಿಯ ಸಾಹುಕಾರರು ನಂಬಲಿಲ್ಲ ಅವಳನ್ನು.
ಒಬ್ಬ ಕಲ್ಲಿನ ಮೇಲೆ ಕುಕ್ಕಿ ದನಿ ಕೇಳಿದ,
ಬೆಳ್ಳಿ ಹೌದು ಅಂದ, ಉಳಿಯಿಟ್ಟು ತನ್ನ ಮುದ್ರೆ ಹೊಡೆದ.
ಅವನನ್ನು ನಂಬದ ಇನ್ನೊಬ್ಬ ತನ್ನದು.
ತೊಡೆಯ ಮೇಲೊಂದು, ಹಡಗಿನ ಮೇಲೊಂದು,
ಗಲ್ಲದ ಮೇಲೆ ಯಾವನೋ ಅವಸರದವನದು ಅರ್ಧ.
ಏಳು ಎಣಿಸಿದೆ. ಫ್ರೆನಿಬಾಯಿ ಎಂಟು ಅಂದರು.
ಅವರ ಮನೆಯ ಹಿರಿಯರ್ಯಾರೋ
ರೇಷ್ಮೆ ಥಾನುಗಳ ನಡುವೆ ಸಿಕ್ಕಿಸಿಕೊಂಡು ತಂದಿದ್ದಂತೆ,
ಬೊಂಬಾಯಿಗೇ ವಾಪಸು.

ಹೊಸದು ಮೂರು ವರ್ಷದ ಕೂಸು.
ಅದೇ ಹೆಂಗಸನ್ನು ಮತ್ತೆ ಕೆತ್ತಿದ್ದಾರೆ,
ಸೆರಗಿನ ನೆರಿಗೆ ನೆರಿಗೆಯೂ ಹಳೆಯದಕ್ಕಿಂತ ಚೂಪು.
ಮೂವತ್ತೊಂದು ಗ್ರಾಮು, ಅಪ್ಪಟ.
ಅಕ್ಕ ಇಪ್ಪತ್ತೇಳಕ್ಕೂ ಒಂದೆಳೆ ಕಮ್ಮಿ, ಬೆರಕೆ ಬೇರೆ.
ದುಂಡು ಪ್ಲಾಸ್ಟಿಕ್ಕಿನೊಳಗೆ ಸೀಲು,
ಜೊತೆಗೊಂದು ಪ್ರಮಾಣಪತ್ರ.
ಯಾರೂ ಮುಟ್ಟಿಲ್ಲ ಅನ್ನುವುದೇ ಅದರ ಸಾರ.

ನಮ್ಮವ್ವ ಯಂಕವ್ವ ಝವೇರಿ ಬಜಾರಿನ ಗಟಾರ ಗುಡಿಸುತ್ತಿದ್ದಳು
ನಸುಕಿನ ನಾಲ್ಕಕ್ಕೆ, ಅಂಗಡಿ ತೆರೆಯುವ ಮುಂಚೆ.
ಅಕ್ಕಸಾಲಿಗರ ಬಾಗಿಲ ಧೂಳು, ಅವರು ಕೈತೊಳೆದ ನೀರು,
ಘಮೇಲಿಯಲ್ಲಿ ತಿರುವಿ ತಿರುವಿ
ತಿಂಗಳಿಗೆ ಒಂದು ಕಡ್ಲೆಬೇಳೆಯಷ್ಟು ಬಂಗಾರ.
ಅವಳ ಉಗುರಿನ ಸಂದಿ ಬೆಳ್ಳಗಾದದ್ದನ್ನು ನಾನು ಕಾಣೆ.
ಈ ಕೆಲಸ ಸಿಕ್ಕ ದಿನ ಕೈಗವಸು ತೋರಿಸಿದೆ.
ನಕ್ಕಳು, ಕೆಮ್ಮು ಹತ್ತುವ ತನಕ ನಕ್ಕಳು:
"ಮುಟ್ಟಲಾರದ ರೊಕ್ಕ ಏನ ರೊಕ್ಕ ಅದು, ಹುಚ್ಚಿ?"

ಫೋಟೋಕ್ಕೆ ಎರಡನ್ನೂ ಪಕ್ಕಪಕ್ಕ ಮಲಗಿಸಿದೆ.
ಹಳೆಯದು ಬೆಳಕು ಕುಡಿದು ಸುಮ್ಮನಿತ್ತು.
ಹೊಸದರ ತ್ರಿಶೂಲದಲ್ಲಿ 'ಬಿ' ಹುಡುಕಿದೆ.
ಗಾಜು ಹತ್ತಿರ ಹಿಡಿದಷ್ಟೂ
ಟ್ಯೂಬ್‌ಲೈಟು, ಫ್ಯಾನು, ನನ್ನದೇ ಮೂಗು.
ಇತ್ತೋ ಇಲ್ಲವೋ.
ಬೊಂಬಾಯಿ ಅನ್ನುವ ಊರು ಈಗ ಇದೆಯೋ ಇಲ್ಲವೋ
ಪಾಪ, ಅದಕ್ಕಾದರೂ ಹೇಗೆ ಗೊತ್ತು.

ಪದ್ಧತಿಯ ಪ್ರಕಾರ ಬರೆದೆ:
ಹೊಸದು, ನಿಷ್ಕಳಂಕ.
ಹಳೆಯದು, ಮುದ್ರೆ ಬಿದ್ದು ಹಾಳಾಗಿದೆ.
ಬೆಲೆ ಹಾಕಿದೆ; ಕೂಸಿಗೇ ಹೆಚ್ಚು.

ಫ್ರೆನಿಬಾಯಿ ಓದಿದರು, ಕನ್ನಡಕ ತೆಗೆದರು,
'ಹಾಳಾಗಿದೆ' ಅನ್ನುವುದರ ಮೇಲೆ ಬೆರಳಿಟ್ಟರು.
ಏನೂ ಅನ್ನಲಿಲ್ಲ. ಬೆರಳು ತೆಗೆಯಲೂ ಇಲ್ಲ.

ಅಳಿಸಿದೆ. ನಮ್ಮ ಕಸುಬಿನ ಪಟ್ಟಿಯಲ್ಲಿ ಬೇರೆ ಶಬ್ದವಿರಲಿಲ್ಲ.
'ಏಳು ಜನ ಪರೀಕ್ಷಿಸಿ ಒಪ್ಪಿದ್ದಾರೆ' ಅಂತ ಬರೆದೆ.

"ಎಂಟು," ಅಂದರು.